ಹಣ್ಣಿಲ್ಲದ ಆರು ಮಕ್ಕಳು

ನನಗೆ ಹೊಟ್ಟೆಕಿಚ್ಚು ಇತ್ತು. ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೋ ಪತ್ತೆ ಹಚ್ಚಿದವರ ಹಾಗೆ ಹೇಳುವುದು ಬೇಡ. ದಿನಕ್ಕೆ ಇಪ್ಪತ್ತೆಂಟು ಬಕೆಟ್ ನೀರನ್ನು ಮೂರನೇ ಮಹಡಿಗೆ ಹೊರುವವಳು ನಾನು. ನಿಮ್ಮ ಹೊಟ್ಟೆ ತಣ್ಣಗಿರಲಿ ಅಂತ ಎಲ್ಲರನ್ನೂ ಹರಸಿಕೊಂಡು ತಿರುಗುವ ಜಾಯಮಾನ ನನ್ನದಲ್ಲ.

ನಾನು ಶಾಲೆಯ ಆಯಾ. ಮೂರನೇ ಮಹಡಿಯ ನಲ್ಲಿ ತಿರುಗಿಸಿದರೆ ಗಾಳಿ ಬರುತ್ತದೆ, ನೀರು ಬರುವುದಿಲ್ಲ. ಪಂಪಿಗೆ ಶಕ್ತಿ ಸಾಲದು ಅಂತ ನಾಲ್ಕು ವರ್ಷದಿಂದ ಹೇಳುತ್ತಿದ್ದಾರೆ. ಹಿತ್ತಲಿನ ತೊಟ್ಟಿಯಿಂದ ಮೊಗೆದು, ಕೈಗೊಂದು ಬಕೆಟ್ ಹಿಡಿದು, ನಲವತ್ತನಾಲ್ಕು ಮೆಟ್ಟಿಲು ಹತ್ತಬೇಕು. ದಿನಕ್ಕೆ ಹದಿನಾಲ್ಕು ಸಲ. ಎರಡೂ ಅಂಗೈಯಲ್ಲಿ ಬಕೆಟ್ಟಿನ ಹಿಡಿಕೆಯ ಗೆರೆ ಕೂತುಬಿಟ್ಟಿದೆ. ಕೈ ನೋಡಿ ಭವಿಷ್ಯ ಹೇಳುವವನು ಬಂದರೆ ಅವನಿಗೆ ಕಾಣುವುದು ಆ ಒಂದೇ ಗೆರೆ. ಕಾಲ್ಬೆರಳ ಸಂದಿ ಯಾವಾಗಲೂ ಹಸಿ. ಅಲ್ಲಿ ಚರ್ಮ ಬೆಳ್ಳಗೆ ಸುಲಿಯುತ್ತಿರುತ್ತದೆ.

ಅದೇ ಮಹಡಿಯಲ್ಲಿ ಮೂರನೇ ತರಗತಿ. ಅದರಲ್ಲಿ ನನ್ನ ಮಗಳು. ಎಂಟು ವರ್ಷ. ಕೇಳಿದ್ದನ್ನು ಒಂದೇ ಸಲಕ್ಕೆ ಹಿಡಿಯುತ್ತಾಳೆ, ಅದಕ್ಕೆ ಎಲ್ಲರೂ ಚೂಟಿ ಅಂತ ಕರೆಯುತ್ತಾರೆ. ಸರ್ಕಾರದ ಆದೇಶ ಅಂತ ಶಾಲೆಯವರು ತರಗತಿಗೆ ಆರು ಮಕ್ಕಳನ್ನು ಫ್ರೀ ಸೀಟಿನಲ್ಲಿ ಸೇರಿಸಿಕೊಂಡಿದ್ದರು. ಉಳಿದ ಮೂವತ್ತು ಮಕ್ಕಳು ಕಾರಿನಲ್ಲಿ ಬರುವವರು. ಒಟ್ಟು ಮೂವತ್ತಾರು.

ಈ ವರ್ಷದ ಮೊದಲಲ್ಲಿ ಆ ತರಗತಿಗೆ ಟೀವಿಯಂಥ ದೊಡ್ಡ ಪರದೆ ಬಂತು. ಕರಿಹಲಗೆ ಕಿತ್ತು ಅದನ್ನು ಕೂರಿಸಿದರು. ಬಾಗಿಲಷ್ಟು ಅಗಲ, ಬೆರಳಲ್ಲಿ ಮುಟ್ಟಿದರೆ ಹೇಳಿದ ಹಾಗೆ ಕೇಳುತ್ತದೆ. ನಾನು ವರಾಂಡ ಒರೆಸುತ್ತ ನೋಡುತ್ತಿದ್ದೆ. ಪರದೆಯ ಮೇಲೆ ಒಂದು ಜಗ್ಗು, ಪಕ್ಕದಲ್ಲಿ ಉದ್ದ ಲೋಟ, ಗಿಡ್ಡ ಲೋಟ, ಬಾಟಲಿ, ಬಕೆಟ್. ಮಗು ಬಂದು ಬೆರಳಲ್ಲಿ ಜಗ್ಗನ್ನು ಎಳೆದು ಬಗ್ಗಿಸಿದರೆ ನೀಲಿ ನೀರು ಬುಳುಬುಳು ಅಂತ ಸುರಿಯುತ್ತದೆ. ಲೋಟದಲ್ಲಿ ಮಟ್ಟ ಏರುತ್ತದೆ. ಪಕ್ಕದ ಗೆರೆಗಳಲ್ಲಿ ನೂರು ಮಿಲಿಲೀಟರ್, ಇನ್ನೂರು, ಐನೂರು ಅಂತ ಅಂಕಿ ಹೊಳೆಯುತ್ತದೆ. ಉದ್ದ ಲೋಟದ್ದನ್ನು ಅಗಲ ಪಾತ್ರೆಗೆ ಸುರಿದರೆ ಮಟ್ಟ ತಗ್ಗುತ್ತದೆ, ಅಳತೆ ಅಷ್ಟೇ ಇರುತ್ತದೆ. ಚೆಲ್ಲಿದರೆ ನೀರು ಪರದೆಯ ತಳಕ್ಕೆ ಹೋಗಿ ಮಾಯವಾಗುತ್ತದೆ. ಅದನ್ನು ಯಾರೂ ಮಂಡಿಯೂರಿ ಒರೆಸಬೇಕಾಗಿಲ್ಲ. ಆ ನೀರನ್ನು ಕಂಡೂ ನನಗೆ ಹೊಟ್ಟೆಕಿಚ್ಚಾಯಿತು.

ಪ್ರತಿ ಮಗುವಿಗೂ ಪರದೆಯಲ್ಲಿ ಒಂದು ಹಣ್ಣು. ಮಾವು, ಬಾಳೆ, ದ್ರಾಕ್ಷಿ, ಕಿತ್ತಳೆ. ಹಣ್ಣಿನ ಕೆಳಗೆ ಮಗುವಿನ ಹೆಸರು. ಪರದೆಯೇ ಒಂದೊಂದು ಹಣ್ಣನ್ನು ಕುಣಿಸಿ ಕರೆಯುತ್ತದೆ, ಆ ಮಗು ಎದ್ದು ಹೋಗಿ ಅಳೆಯುತ್ತದೆ. ಹಣ್ಣುಗಳು ಮೂವತ್ತು. ಕಂಪನಿಯವರು ಕೊಟ್ಟಿದ್ದು ಅಷ್ಟೇ ಅಂತೆ. ಫ್ರೀ ಸೀಟಿನ ಆರು ಮಕ್ಕಳು ಹಿಂದಿನ ಬೆಂಚಿನಲ್ಲಿ ಕೂತು ನೋಡಬೇಕು.

ಮೊದಲ ವಾರವೇ ಚೂಟಿಯ ಅಂಗೈ ಮೇಲೆ ಪೆನ್ನಿನಲ್ಲಿ ಏನೋ ಗೀಚಿದ್ದು ಕಂಡಿತು.

"ಇದೇನೇ?"

"ಹಲಸಿನ ಹಣ್ಣು. ಪರದೇಲಿ ಹಲಸು ಇಲ್ಲ. ಅದಕ್ಕೆ ನಾನೇ ತಗೊಂಡೆ."

ಸೋಪು ಹಾಕಿ ಉಜ್ಜಿದೆ. ಹೋಗಲಿಲ್ಲ. ಇನ್ನೂ ಜೋರಾಗಿ ಉಜ್ಜಿದೆ. ಅವಳು ಅತ್ತಳು, ನಾನು ಬೈದೆ. ಒಳಗಿನಿಂದ ನಮ್ಮತ್ತೆ ಕೂಗಿದರು, "ಮಗು ಕೈ ಸುಲೀತೀಯೇನೇ? ಶಾಯಿ ತಾನೇ, ಪಾಪ ಅಲ್ವಲ್ಲ!"

ಆ ಪರದೆಯನ್ನು ದಿನಾ ಸಂಜೆ ಒರೆಸುವುದು ನನ್ನ ಕೆಲಸ. ಒಣ ಬಟ್ಟೆಯಲ್ಲೇ ಒರೆಸಬೇಕು, ಬರಿಗೈ ತಾಗಿಸಬಾರದು ಅಂತ ಕಟ್ಟಪ್ಪಣೆ. ಓರೆಯಿಂದ ನೋಡಿದರೆ ಮಕ್ಕಳ ಬೆರಳ ಗುರುತುಗಳು ಕಾಣುತ್ತಿದ್ದವು. ಬಿಸ್ಕತ್ತಿನ ಜಿಡ್ಡು, ಬೆವರು, ಮೂಗೊರೆಸಿದ ಬೆರಳು. ಮೂವತ್ತು ಮನೆಯ ಮಕ್ಕಳ ಗುರುತನ್ನು ಒರೆಸಿ ಹೊಳಪು ಮಾಡುತ್ತಿದ್ದೆ. ನನ್ನ ಮಗಳದ್ದು ಒಂದಾದರೂ ಇರಬಾರದೇ ಅಂತ ಹುಡುಕುತ್ತಿದ್ದೆ.

ಇನ್ನು ಆ ತರಗತಿಗೆ ಪಾಠ ಮಾಡುವ ಮಿಸ್ಸಿನ ವಿಷಯ. ಬಾಯಲ್ಲಿ ಅವಳಿಗೆ ಬಹುವಚನ ಕೊಡುತ್ತಿದ್ದೆ, ಮನಸ್ಸಿನಲ್ಲಿ ಏಕವಚನ. ಇಲ್ಲಿ ಮನಸ್ಸಿನಲ್ಲಿದ್ದಂತೆಯೇ ಹೇಳುತ್ತೇನೆ. ಇಪ್ಪತ್ತೈದರ ಹುಡುಗಿ. ಮೆತ್ತಗೆ ಮಾತಾಡುತ್ತಾಳೆ. ಅವಳ ಹಿಮ್ಮಡಿ ಒಣಗಿರುತ್ತದೆ, ಬಿರುಕಿಲ್ಲ. ಚೂಟಿಗೆ ಅವಳೆಂದರೆ ಪ್ರಾಣ. ಮನೆಗೆ ಬಂದರೆ ಅವಳದ್ದೇ ಜಪ. ಮಿಸ್ ಹೀಗಂದರು, ಮಿಸ್ ಹಾಗಂದರು, ಮಿಸ್ ಇವತ್ತು ಹಸಿರು ಓಲೆ ಹಾಕಿದ್ದರು. ನಾನು ಒಂದು ದಿನ ಸುಮ್ಮನೆ ಕೇಳಿದೆ, "ನಾನು ಏನು ಹಾಕಿದೀನಿ ನೋಡಿದ್ಯಾ?" ಅವಳು ನನ್ನ ಕಿವಿ ನೋಡಿದಳು. ಅಲ್ಲಿ ಕಡ್ಡಿ ಇತ್ತು, ತೂತು ಮುಚ್ಚದಿರಲಿ ಅಂತ ಚುಚ್ಚಿಕೊಂಡ ಪೊರಕೆ ಕಡ್ಡಿ.

"ನೀನು ಮಿಸ್ ತರ ಮೆತ್ತಗೆ ಮಾತಾಡಮ್ಮಾ," ಅಂದಳು.

ಹೊತ್ತು ಹೆತ್ತವಳು ನಾನು, ಮೆತ್ತಗೆ ಮಾತಾಡಿ ಗೆದ್ದವಳು ಅವಳು. ಆ ರಾತ್ರಿ ನನಗೆ ಅನ್ನ ಸೇರಲಿಲ್ಲ.

ಮನೆಯಲ್ಲಿ ಚೂಟಿಗೆ ಅಳತೆಯ ಹುಚ್ಚು ಹಿಡಿಯಿತು. ನಮ್ಮ ಓಣಿಗೆ ಸಂಜೆ ಒಂದು ಗಂಟೆ ಹೊತ್ತು ನಲ್ಲಿ ಬರುತ್ತದೆ. ಅವಳು ಲೀಟರ್ ಬಾಟಲಿ ಹಿಡಿದು ಕೂತುಬಿಡುತ್ತಿದ್ದಳು. ಚೊಂಬಿಗೆ ಎಷ್ಟು, ಪಾತ್ರೆಗೆ ಎಷ್ಟು, ಅಜ್ಜಿ ಕಾಲು ತೊಳೆಯುವುದಕ್ಕೆ ಎಷ್ಟು. "ನನ್ ಕಾಲು ತೊಳ್ಯೋದನ್ನೂ ಅಳೀತಾಳಲ್ಲೇ ಇವ್ಳು," ಅಂತ ನಮ್ಮತ್ತೆ ನಗುತ್ತಿದ್ದರು. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ನನ್ನ ಬಕೆಟ್ಟಿಗೂ ಬಾಟಲಿ ತಂದಳು. "ಅಮ್ಮಾ, ನೀನು ಮೇಲಕ್ಕೆ ಹೊರೋವಾಗ ಎಲ್ಲೀವರೆಗೆ ತುಂಬ್ತೀಯ?" ನಾನು ಬೆರಳಿಟ್ಟು ತೋರಿಸಿದೆ, ಕಂಠದಿಂದ ಕೆಳಗೆ. ಅವಳು ಸುರಿದು ಸುರಿದು ಎಣಿಸಿದಳು. ಎಂಟು ಬಾಟಲಿ, ಆಮೇಲೆ ಅರ್ಧ.

ಅದೇ ಅವಳಿಗೆ ಮುಳುವಾಯಿತು. ಮುಂದಿನ ವಾರ ಮಿಸ್ಸಿಗೆ ಹಿಂದಿನ ಬೆಂಚಿನ ಮೇಲೆ ಕರುಣೆ ಬಂತು. ಪರದೆ ಮುಟ್ಟುವ ಹಾಗಿಲ್ಲ, ಬಾಯಲ್ಲಾದರೂ ಹೇಳಲಿ ಅಂತ ಚೂಟಿಯನ್ನು ಎಬ್ಬಿಸಿದಳು. ಪರದೆಯಲ್ಲಿ ಬಕೆಟ್ ಇತ್ತು. ಥೇಟ್ ನನ್ನ ಬಕೆಟ್ಟಿನ ಹಾಗೆಯೇ, ಬಣ್ಣ ಮಾತ್ರ ಚೆಂದ.

"ಈ ಬಕೆಟ್ ನೀರು ಎಷ್ಟು ಲೀಟರ್ ಹೇಳು ಮರಿ?"

"ಎಂಟೂವರೆ ಲೀಟರ್, ಮಿಸ್."

ತರಗತಿ ಗೊಳ್ಳೆಂದಿತು. ಮುಂದಿನ ಬೆಂಚಿನಲ್ಲಿ ಒಬ್ಬಳು ಕುದುರೆಬಾಲ ಕಟ್ಟಿದ ಹುಡುಗಿ, ಸ್ಟ್ರಾಬೆರಿ ಅವಳ ಹಣ್ಣು. ಹಿಂದೆ ತಿರುಗಿ ಕೇಳಿದಳು, "ನಿಮ್ಮ ಬಕೆಟ್ ತೂತಾ?" ಮತ್ತೆ ನಗು. ಮಿಸ್ಸೂ ನಕ್ಕಳು, ಸ್ವಲ್ಪವೇ.

"ಹತ್ತು ಲೀಟರ್ ಮರಿ. ಬಕೆಟ್ ಅಂದ್ರೆ ತುಂಬಿದ ಬಕೆಟ್."

"ತುಂಬಿದ್ರೆ ಮೆಟ್ಲ ಮೇಲೆ ಚೆಲ್ಲುತ್ತೆ ಮಿಸ್. ಚೆಲ್ಲಿದ್ರೆ ಅಮ್ಮ ಒರೆಸ್ಬೇಕು."

"ಕೂತ್ಕೋ."

ನಾನು ಬಾಗಿಲ ಹೊರಗೆ ಎರಡು ಬಕೆಟ್ ಹಿಡಿದು ನಿಂತಿದ್ದೆ. ಎರಡರಲ್ಲೂ ಎಂಟೂವರೆ ಲೀಟರ್ ಇತ್ತು. ನನ್ನ ಮಗಳ ಕಿವಿ ಕೆಂಪಗಾದದ್ದು ಹಿಂದಿನಿಂದಲೇ ಕಂಡಿತು. ನೀರನ್ನು ಬಚ್ಚಲಿಗೆ ಒಯ್ದು ಸುರಿದೆ.

ಇದನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ಅನಾನಸ್ ಕಣ್ಣಿಗೆ ಬಿತ್ತು.

ಒಂದು ದಿನ ಕಿಟಕಿಯ ಗಾಜು ಒರೆಸುತ್ತ ನೋಡುತ್ತಿದ್ದೇನೆ, ಪರದೆಯಲ್ಲಿ ಅನಾನಸ್ ಕುಣಿಯಿತು. ಯಾರೂ ಏಳಲಿಲ್ಲ. ಮಿಸ್ ಬೆರಳಲ್ಲಿ ಅದನ್ನು ಪಕ್ಕಕ್ಕೆ ಸರಿಸಿದಳು. ಮಾರನೇ ದಿನವೂ ಹಾಗೇ ಆಯಿತು. ಚೂಟಿಯನ್ನು ಕೇಳಿದೆ.

"ಅದು ಬಿಟ್ಟುಹೋದ ಹುಡುಗಂದು ಅಮ್ಮ. ಅವನು ಬೇರೆ ದೇಶಕ್ಕೆ ಹೋಗಿ ಆರು ತಿಂಗ್ಳಾಯ್ತು."

ಮೈಯೆಲ್ಲ ಉರಿದುಹೋಯಿತು. ಊರಲ್ಲೇ ಇಲ್ಲದವನಿಗೆ ಹಣ್ಣಿದೆ. ಅವನನ್ನು ಪರದೆ ದಿನಾ ಕರೆಯುತ್ತದೆ. ಎದುರಿಗೆ ಕೂತ ನನ್ನ ಮಗಳಿಗೆ ಇಲ್ಲ.

ಸೀರೆ ಸರಿಮಾಡಿಕೊಂಡು ದೊಡ್ಡ ಮೇಡಂ ಕೋಣೆಗೆ ಹೋದೆ. ದೊಡ್ಡ ಮೇಡಂ ಅಂದರೆ ಶಾಲೆಯ ಮುಖ್ಯಸ್ಥೆ. ಕೆಲಸದವರು ಅಲ್ಲಿ ಕೂರುವ ಹಾಗಿಲ್ಲ. ನಿಂತೇ ಹೇಳಿದೆ.

"ಆ ಅನಾನಸ್ ಖಾಲಿ ಇದೆಯಲ್ಲ ಮೇಡಂ. ನನ್ನ ಮಗಳ ಹೆಸರು ಹಾಕಿಸ್ಬೇಕು."

"ಅದೆಲ್ಲಾ ನಿಂಗೆ ಗೊತ್ತಾಗಲ್ಲಮ್ಮ. ಅವ್ರು ವಾಪಸ್ ಬರ್ಬಹುದು. ಆ ಮಗು ಜಾಗ ಹಾಗೇ ಇಟ್ಟಿರ್ತೀವಿ ಅಂತ ಅವ್ರಪ್ಪಂಗೆ ಮಾತು ಕೊಟ್ಟಿದೀನಿ."

"ಬಂದಾಗ ಬಿಟ್ಕೊಡ್ತಾಳೆ ಮೇಡಂ."

"ನೋಡು, ಓದೋಕೆ ಸೀಟು ಕೊಟ್ಟಿದೀವಿ. ಆಟ ಆಡೋಕಲ್ಲ." ಫೋನು ಎತ್ತಿಕೊಂಡರು. ಅದರರ್ಥ ಹೊರಡು ಅಂತ. ಹೊರಟೆ.

ಅದಾಗಿ ಎರಡು ವಾರಕ್ಕೆ ಪ್ರದರ್ಶನದ ದಿನ ಬಂತು. ಪರದೆಯ ಕಂಪನಿಯವರು ಬರುವವರಿದ್ದರು. ತಂದೆತಾಯಂದಿರು ಬರುವವರಿದ್ದರು. ಮಕ್ಕಳು ದ್ರವ ಅಳೆಯುವುದನ್ನು ತೋರಿಸಬೇಕು. ಬೆಳಿಗ್ಗೆ ಆರು ಗಂಟೆಗೇ ನಾನು ಹಾಜರ್. ಮೂರು ಮಹಡಿ ತೊಳೆದೆ. ಅವತ್ತು ಇಪ್ಪತ್ತೆಂಟಲ್ಲ, ನಲವತ್ತು ಬಕೆಟ್. ಕಾಲು ನಡುಗುತ್ತಿತ್ತು. ಹಿಂದಿನ ಬೆಂಚಿನ ಆರು ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದರು, ಸದ್ದು ಮಾಡದೆ ಕೂರುವುದು.

ಹತ್ತೂವರೆಗೆ ಕೋಣೆ ತುಂಬಿತು. ಸೆಂಟಿನ ವಾಸನೆ. ಮಿಸ್ ಪರದೆ ಹಚ್ಚಿದಳು. ಹಣ್ಣುಗಳೆಲ್ಲ ಬಂದವು. ಸ್ಟ್ರಾಬೆರಿ ಕುಣಿಯಿತು. ಕುದುರೆಬಾಲದ ಹುಡುಗಿ ಎದ್ದು ಹೋಗಿ ಜಗ್ಗಿಗೆ ಬೆರಳಿಟ್ಟಳು. ಕರೆಂಟು ಹೋಯಿತು.

ನಗಬಾರದಾಗಿತ್ತು, ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡೆ.

ಐದು ನಿಮಿಷ ಕಾದರು. ಹತ್ತು ನಿಮಿಷ. ಕಂಪನಿಯ ಮನುಷ್ಯ ಬೆವರು ಒರೆಸಿಕೊಂಡ. ದೊಡ್ಡ ಮೇಡಂ ಚಪ್ಪಾಳೆ ತಟ್ಟಿದರು. "ನಮ್ಮ ಮಕ್ಕಳು ನಿಜವಾದ ನೀರಲ್ಲೂ ಅಳೆದು ತೋರಿಸ್ತಾರೆ!" ಅಂದರು. ಪ್ರಯೋಗಶಾಲೆಯಿಂದ ಗಾಜಿನ ಜಾಡಿ, ಗೆರೆ ಹಾಕಿದ ಪಾತ್ರೆ ಎಲ್ಲ ಬಂತು. ಮೇಜಿನ ಮೇಲೆ ಜೋಡಿಸಿದರು. ಆಮೇಲೆ ದೊಡ್ಡ ಮೇಡಂ ನನ್ನ ಕಡೆಗೆ ಎರಡು ಬೆರಳು ತೋರಿಸಿದರು. ಎರಡು ಬಕೆಟ್ ತಾ ಅಂತ. ಬಾಯಲ್ಲಿ ಹೇಳುವಷ್ಟೂ ಇಲ್ಲ.

ಖಾಲಿ ಬಕೆಟ್ ಕೈಗೆತ್ತಿಕೊಂಡೆ, ನನ್ನ ಕಾಲು ಆಗಲೇ ಮೆಟ್ಟಿಲ ಕಡೆ ತಿರುಗಿತ್ತು. ಅಷ್ಟು ಅಭ್ಯಾಸ ಅದಕ್ಕೆ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಚೂಟಿ ಎದ್ದಳು.

"ಮಿಸ್, ನಾನು ತರ್ತೀನಿ ಮಿಸ್! ಅಮ್ಮಂಗೆ ಸುಸ್ತಾಗಿದೆ."

"ವೆರಿ ಗುಡ್ ಮರಿ," ಅಂದಳು ಮಿಸ್.

ಯಾರೋ ತಾಯಿ ಅಯ್ಯೋ ಪಾಪ, ಎಷ್ಟು ಒಳ್ಳೆ ಮಗು ಅಂದಳು. ನಾಲ್ಕು ಜನ ಚಪ್ಪಾಳೆ ಹೊಡೆದರು. ನನ್ನ ಮಗಳ ಮುಖ ಅರಳಿತು. ಆ ಮುಖವನ್ನು ಅವಳು ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ, ಅಷ್ಟು ಅರಳಿದ್ದು ನೋಡಿರಲಿಲ್ಲ. ಓಡಿ ಬಂದು ನನ್ನ ಕೈಯ ಬಕೆಟ್ ಹಿಡಿದಳು. ಬಕೆಟ್ಟಿನ ಹಿಡಿಕೆ ಅವಳ ಅಂಗೈಯಲ್ಲಿ ಸರಿಯಾಗಿ ಕೂತಿತು.

ನಾನು ಬಿಡಲಿಲ್ಲ.

"ಬಿಡಮ್ಮಾ."

"ಬಿಡಲ್ಲ."

"ಅಮ್ಮಾ, ಎಲ್ರೂ ನೋಡ್ತಿದಾರೆ."

"ನೋಡ್ಲಿ."

ಅವಳು ಎಳೆದಳು. ನಾನೂ ಎಳೆದೆ. ಎಲ್ಲರೆದುರು ತಾಯಿ ಮಗಳು ಖಾಲಿ ಬಕೆಟ್ಟಿಗೆ ಜಗ್ಗಾಡಿದೆವು. ಕೊನೆಗೆ ಕಿತ್ತುಕೊಂಡು ನೆಲದ ಮೇಲೆ ಬೋರಲು ಹಾಕಿದೆ. ಸದ್ದು ಜೋರಾಗಿಯೇ ಆಯಿತು.

"ಇವಳು ನೀರು ತರಲ್ಲ," ಅಂದೆ. "ನಾನೂ ತರಲ್ಲ. ಆ ಆರು ಮಕ್ಕಳು ಮುಂದೆ ಬಂದು ಎಲ್ರ ಹಾಗೆ ಕೈಯಾರೆ ಅಳೆಯೋದಾದ್ರೆ ಹೇಳಿ, ಹತ್ತು ಬಕೆಟ್ ತರ್ತೀನಿ. ಬರೀ ನೀರು ಹೊರೋಕಾದ್ರೆ ನನ್ನ ಮಗಳು ಈ ಸ್ಕೂಲಿಗೆ ಬಂದಿಲ್ಲ."

ದೊಡ್ಡ ಮೇಡಂ ಅತಿಥಿಗಳ ಕಡೆ ನಕ್ಕರು. ನನ್ನ ಹತ್ತಿರ ಬಂದಾಗ ಆ ನಗು ಹಾಗೇ ಇತ್ತು, ಹಲ್ಲಿನ ಸಂದಿಯಲ್ಲಿ ಮಾತು ಬಂತು. "ಹೊಟ್ಟೆಕಿಚ್ಚು ಕಣೇ ನಿಂಗೆ. ಆ ಮಕ್ಕಳನ್ನ ಕಂಡ್ರೆ ಹೊಟ್ಟೆಕಿಚ್ಚು."

"ಹೌದು ಮೇಡಂ!" ಎಲ್ಲರಿಗೂ ಕೇಳುವಂತೆ ಹೇಳಿದೆ. "ಹೊಟ್ಟೆಕಿಚ್ಚೇ. ಊರಲ್ಲಿಲ್ಲದ ಹುಡುಗನ್ನ ಕಂಡ್ರೂ ಹೊಟ್ಟೆಕಿಚ್ಚು. ಅವನಿಗೆ ಹಣ್ಣಿದೆ, ಇವ್ರಿಗಿಲ್ಲ."

ಕಂಪನಿಯ ಮನುಷ್ಯ ಮಿಸ್ಸಿನ ಮುಖ ನೋಡಿದ. ಮಿಸ್ ನೆಲ ನೋಡಿದಳು. ನಾನು ಸಾಲಾಗಿ ನಿಂತ ಅಪ್ಪಂದಿರ ಕಡೆ ತಿರುಗಿದೆ. ಒಬ್ಬೊಬ್ಬರ ತೋಳೂ ನನ್ನ ತೊಡೆಯಷ್ಟಿತ್ತು.

"ತೊಟ್ಟಿ ಹಿತ್ಲಲ್ಲಿದೆ. ಬಕೆಟ್ ಇಲ್ಲಿದೆ. ನಲವತ್ನಾಲ್ಕು ಮೆಟ್ಲು. ನಿಮ್ಮ ಮಕ್ಕಳಿಗೆ ತಾನೇ ನೀರು? ಯಾರಾದ್ರೂ ತನ್ನಿ."

ಒಬ್ಬ ಗಡಿಯಾರ ನೋಡಿಕೊಂಡ. ಒಬ್ಬ ತನ್ನ ಬೂಟು ನೋಡಿಕೊಂಡ. ಕುದುರೆಬಾಲದ ಹುಡುಗಿಯ ತಾಯಿ, "ಎಂಥೆಂಥವ್ರನ್ನ ಇಟ್ಕೊಂಡಿದಾರಪ್ಪ," ಅಂದಳು. ಬಕೆಟ್ ಮುಟ್ಟಿದವರು ಯಾರೂ ಇಲ್ಲ. ಕೊನೆಗೆ ಮಕ್ಕಳ ಕೈಲಿ ಒಂದು ಹಾಡು ಹಾಡಿಸಿ, ಬಿಸ್ಕತ್ತು ಹಂಚಿ ಎಲ್ಲರನ್ನೂ ಕಳಿಸಿದರು. ಗಾಜಿನ ಪಾತ್ರೆಗಳು ಮೇಜಿನ ಮೇಲೆ ಒಣಗಿಕೊಂಡೇ ಇದ್ದವು.

ಮಧ್ಯಾಹ್ನ ದೊಡ್ಡ ಮೇಡಂ ನನ್ನಿಂದ ಬಚ್ಚಲಿನ ಬೀಗದ ಕೈ ಇಸಿದುಕೊಂಡರು. "ನಾಳೆಯಿಂದ ಬರ್ಬೇಡ." ಅಷ್ಟೇ.

ದಾರಿಯಲ್ಲಿ ಚೂಟಿ ನನ್ನಿಂದ ನಾಲ್ಕು ಮಾರು ಮುಂದೆ ನಡೆದಳು. ಮನೆಗೆ ಬಂದು ಗೋಡೆ ಕಡೆ ಮುಖ ಮಾಡಿ ಕೂತಳು. ನಮ್ಮತ್ತೆ ಏನಾಯಿತೇ ಅಂತ ಕೇಳಿದ್ದಕ್ಕೆ ಗೋಡೆಗೇ ಹೇಳಿದಳು.

"ಮಿಸ್ ಇವತ್ತೇ ಫಸ್ಟ್ ನಂಗೆ ವೆರಿ ಗುಡ್ ಅಂದಿದ್ದು. ಅಮ್ಮ ಹಾಳು ಮಾಡಿದ್ಲು. ಅವ್ಳಿಗೆ ಮಿಸ್ ಕಂಡ್ರೆ ಆಗಲ್ಲ."

ಮಗು ಸುಳ್ಳು ಹೇಳಲಿಲ್ಲ. ನನಗೆ ಆಗುತ್ತಿರಲಿಲ್ಲ.

"ಆ ಬಕೆಟ್ ನಂಗೆ ಭಾರಾನೂ ಆಗ್ತಿರ್ಲಿಲ್ಲ," ಅಂದಳು. "ಮಿಸ್ ಹೇಳಿದ್ರೆ ನಾನು ದಿನಾ ತರ್ತಿದ್ದೆ."

"ಅದಕ್ಕೇ ಕಣೇ ಬಿಡ್ಲಿಲ್ಲ."

ಅವಳಿಗೆ ಅರ್ಥವಾಗಲಿಲ್ಲ. ನಮ್ಮತ್ತೆಗೆ ಆಯಿತು. ಎದ್ದು ಬಂದು ನನ್ನ ಮುಂದೆ ತಟ್ಟೆ ಇಟ್ಟರು. "ಉಣ್ಣು. ನಾಳೆ ಜಗಳ ಆಡೋಕೆ ಶಕ್ತಿ ಬೇಕು," ಅಂದರು.

ಬೆಳಿಗ್ಗೆ ಚೂಟಿಯ ಕೈ ಹಿಡಿದು ಮುಂದಿನ ಗೇಟಿಗೆ ಹೋದೆ. ನಾಲ್ಕು ವರ್ಷ ನಾನು ಹಿಂದಿನ ಗೇಟಿನಿಂದ ಬಂದವಳು. ಕಾವಲಿನವನು ಅಡ್ಡ ಬಂದ.

"ಅಕ್ಕಾ, ನಿನ್ನ ಬಿಡ್ಬೇಡ ಅಂದಿದಾರೆ. ನನ್ ಕೆಲ್ಸಕ್ಕೆ ಕಲ್ಲು ಹಾಕ್ಬೇಡ."

"ಆಯಾನ ಬಿಡ್ಬೇಡ ಅಂದಿದಾರೆ ತಾನೇ? ಆಯಾ ನಿನ್ನೇನೇ ಹೋದ್ಲು. ನಾನು ಮೂರನೇ ತರಗತಿ ಮಗುವಿನ ತಾಯಿ."

ಅವನು ತಲೆ ಕೆರೆದುಕೊಂಡು ಆಚೆ ನೋಡಿದ. ನಾವು ಒಳಗೆ ಹೋದೆವು.

ಬಕೆಟ್ ಇಲ್ಲದೆ ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಖಾಲಿ ಇದ್ದ ಇನ್ನೊಂದು ಕೈ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಮೂರನೇ ಮಹಡಿಯ ಬಚ್ಚಲು ಆಗಲೇ ನಾರುತ್ತಿತ್ತು. ಹೊಸ ಆಯಾ ಇನ್ನೂ ಸಿಕ್ಕಿರಲಿಲ್ಲ.

ಕರೆಂಟು ಇತ್ತು. ಪರದೆಯಲ್ಲಿ ಹಣ್ಣುಗಳಿದ್ದವು. ನಾನು ಹೊಸ್ತಿಲಲ್ಲಿ ನಿಂತೆ.

"ನನ್ನ ಮಗಳ ಹಣ್ಣು ಎಲ್ಲಿ ಮಿಸ್? ಅದನ್ನ ನೋಡೋವರೆಗೆ ಇಲ್ಲೇ ನಿಂತಿರ್ತೀನಿ. ಇವತ್ತು, ನಾಳೆ, ನಾಡಿದ್ದು. ನಂಗೀಗ ಬೇರೆ ಕೆಲ್ಸ ಇಲ್ಲ."

ಮಿಸ್ಸಿನ ಕಣ್ಣು ಕೆಂಪಗಿತ್ತು. ನಿದ್ದೆ ಮಾಡಿದ ಹಾಗೆ ಇರಲಿಲ್ಲ. ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು, "ಆ ಮಗು ನೀರು ತರ್ತೀನಿ ಅಂದಾಗ ನಾನು ವೆರಿ ಗುಡ್ ಅಂದ್ಬಿಟ್ಟೆ." ಸಮಾಧಾನ ಹೇಳುವುದು ನನ್ನ ಕೆಲಸವಲ್ಲ. ಅವಳು ಹಿಂದಕ್ಕೆ ಹೋಗಿ ಪರದೆಯಲ್ಲಿ ಏನೇನೋ ಒತ್ತಿದಳು. ಅನಾನಸ್ ಕೆಳಗಿನ ಹೆಸರು ಅಳಿಸಿಹೋಯಿತು. ಹೊಸ ಹೆಸರು ಬಂತು. ಒಂದು ಬಕೆಟ್ ತೊಳೆಯುವಷ್ಟು ಹೊತ್ತೂ ಹಿಡಿಯಲಿಲ್ಲ ಅದಕ್ಕೆ. ಅಷ್ಟಕ್ಕೆ ಆರು ತಿಂಗಳು ಕಾಯಿಸಿದ್ದರು.

ಅನಾನಸ್ ಕುಣಿಯಿತು. ಚೂಟಿ ನನ್ನ ಕೈ ಕೊಡವಿಕೊಂಡು ಓಡಿದಳು. ಪರದೆ ಹತ್ತಿರಕ್ಕಲ್ಲ. ಸೀದಾ ಹೋಗಿ ಮಿಸ್ಸಿನ ಸೊಂಟ ಅಪ್ಪಿಕೊಂಡಳು. "ಥ್ಯಾಂಕ್ಯೂ ಮಿಸ್, ಥ್ಯಾಂಕ್ಯೂ ಮಿಸ್."

ಕೆಲಸ ಕಳೆದುಕೊಂಡವಳು ನಾನು, ಅಪ್ಪಿಸಿಕೊಂಡವಳು ಅವಳು. ನನ್ನ ಹೊಟ್ಟೆ ಧಗಧಗ ಉರಿಯಿತು. ಹಾಳಾಗಿ ಹೋಗಲಿ, ಪರದೆ ಮುಟ್ಟಲಿ ಮೊದಲು ಅಂದುಕೊಂಡೆ. ಚೂಟಿ ಅಂಗೈ ಪೂರ್ತಿ ಊರಿ ಜಗ್ಗು ಎಳೆದಳು. ಬರಲಿಲ್ಲ. ಒಂದೇ ಬೆರಳು, ಒಂದೇ ಬೆರಳು ಅಂತ ಮುಂದಿನ ಬೆಂಚು ಕೂಗಿತು. ಒಂದು ಬೆರಳಿಟ್ಟಳು. ನೀಲಿ ನೀರು ಲೋಟಕ್ಕೆ ಇಳಿಯಿತು. ಇನ್ನೂರರ ಗೆರೆ ಮುಟ್ಟಿದಾಗ ನಿಲ್ಲಿಸಿದಳು, ಒಂದು ಹನಿ ಆಚೀಚೆ ಇಲ್ಲ. ಪರದೆ ಗಂಟೆ ಬಾರಿಸಿತು.

ಆಗ ಹಿಂದಿನ ಬೆಂಚು ನೋಡಿದೆ. ಐದು ಮಕ್ಕಳು. ಯಾರೂ ಚಪ್ಪಾಳೆ ಹೊಡೆದಿರಲಿಲ್ಲ. ಐದು ಜೋಡಿ ಕಣ್ಣು ನನ್ನ ಮಗಳ ಬೆನ್ನನ್ನು ಸುಡುವ ಹಾಗೆ ನೋಡುತ್ತಿದ್ದವು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಕೊನೆಯಲ್ಲಿ ಕೂತಿದ್ದ ಸಣಕಲು ಹುಡುಗಿ, ಮಾರುಕಟ್ಟೆಯಲ್ಲಿ ಮೂಟೆ ಹೊರುವವನ ಮಗಳು, ಮೆಲ್ಲಗೆ ಎದ್ದು ನಿಂತಳು.

"ಮಿಸ್, ನಂಗೆ?"

ಮಿಸ್ ಪರದೆ ಕಡೆ ನೋಡಿದಳು. ಅಲ್ಲಿ ಖಾಲಿ ಹಣ್ಣು ಇನ್ನೊಂದು ಇರಲಿಲ್ಲ. "ಕೂತ್ಕೋ ಮರಿ," ಅಂದಳು. ಹುಡುಗಿಯ ಮಂಡಿ ಬಾಗಿತು, ಕೂರುವುದರಲ್ಲಿದ್ದಳು.

"ಕೂರ್ಬೇಡ ಮಗಳೇ," ಅಂದೆ ನಾನು ಹೊಸ್ತಿಲಿನಿಂದ. "ಇನ್ನೊಂದ್ಸಲ ಕೇಳು. ಜೋರಾಗಿ ಕೇಳು."